‘ಲಿಲಿ ಮಾರ್ಲೇನ್’ ಯಾರ ಹಾಡು? ನಾಜಿಗಳದ್ದೋ, ಎಲ್ಲ ಸಿಪಾಯಿಗಳದ್ದೋ?

ಮಂದ್ರಸ್ಥಾಯಿ:
ನಮ್ಮದು ಬೆಂಗಳೂರಿನ ಒಂದು ಸಣ್ಣ ಹವ್ಯಾಸಿ ಗಾಯನವೃಂದ. ಯುದ್ಧಕಾಲದ ವಿದಾಯಗೀತೆಗಳನ್ನಷ್ಟೇ ಇಟ್ಟುಕೊಂಡು ಒಂದು ಸಂಜೆಯ ಕಾರ್ಯಕ್ರಮ ಮಾಡೋಣವೆಂದು ಹೊರಟೆವು. ಪಟ್ಟಿಗೆ ‘ಲಿಲಿ ಮಾರ್ಲೇನ್’ ಸೇರಿದ್ದೇ ತಡ, ತಾಲೀಮು ನಿಂತು ಜಗಳ ಶುರುವಾಯಿತು. ಒಬ್ಬರು, ‘ಅದು ನಾಜಿಗಳ ಹಾಡು, ನಾನು ಬಾಯಿ ತೆರೆಯುವುದಿಲ್ಲ’ ಎಂದರು. ಇನ್ನೊಬ್ಬರು, ‘ಅದು ನಟಿ ಮಾರ್ಲೀನ್ ಡೀಟ್ರಿಚ್ ಹಾಡು, ಆಕೆ ಹಿಟ್ಲರನಿಗೆ ಬೆನ್ನು ತಿರುಗಿಸಿ ಹೋದವಳು’ ಎಂದರು. ಮೂರನೆಯವರ ಪ್ರಕಾರ ಅದು ಬ್ರಿಟಿಷರ ಎಂಟನೆಯ ಸೇನೆಯ ಹಾಡು. ಮೂವರ ಬಳಿಯೂ ಯೂಟ್ಯೂಬ್ ಸಾಕ್ಷಿ ಇದೆ! ತಿಳಿದವರು ಹೇಳಿ: ಇದು ನಿಜಕ್ಕೂ ಯಾರದು? ನಾಜಿ ಬಾನುಲಿಯಿಂದ ಊರೂರು ತಲುಪಿದ ಹಾಡನ್ನು ಈಗ ವೇದಿಕೆಯ ಮೇಲೆ ಹಾಡಬಹುದೇ?

ತುಂಗಾತೀರ:
ಹಾಡಿ. ರಾಗಕ್ಕೆ ಪಕ್ಷ ಎಲ್ಲಿದೆ?

ಹಳೇಪ್ಲೇಟು:
ಮೂವರೂ ಅರ್ಧರ್ಧ ಸರಿ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಪದ್ಯ ಬರೆದವನು ಹ್ಯಾಂಬರ್ಗಿನ ಹಾನ್ಸ್ ಲೈಪ್. ಕಾಲ 1915, ಮೊದಲ ಮಹಾಯುದ್ಧ. ರಷ್ಯಾದ ರಣರಂಗಕ್ಕೆ ಹೊರಡುವ ಮುನ್ನ ಬರ್ಲಿನ್ನಿನಲ್ಲಿ ದಂಡಿನ ವಸತಿಯ ಮುಂದೆ ಪಹರೆ ಕಾಯುತ್ತಿದ್ದ ಹುಡುಗ ಅವನು. ನಾಜಿ ಪಕ್ಷ ಆಗಿನ್ನೂ ಹುಟ್ಟಿಯೇ ಇರಲಿಲ್ಲ. ಲಿಲಿ ಒಬ್ಬಳು, ಮಾರ್ಲೇನ್ ಮತ್ತೊಬ್ಬಳು. ಇಬ್ಬರ ಹೆಸರನ್ನೂ ಸೇರಿಸಿ ಒಬ್ಬಳೇ ಹುಡುಗಿಯನ್ನು ಮಾಡಿಬಿಟ್ಟ. ಪದ್ಯ ಪುಸ್ತಕದಲ್ಲಿ ಅಚ್ಚಾದದ್ದು 1937ರಲ್ಲಿ. ಕೊನೆಯ ಎರಡು ಚರಣಗಳನ್ನು ಸೇರಿಸಿದ್ದೂ ಆಗಲೇ.

1938ರಲ್ಲಿ ನೋರ್ಬರ್ಟ್ ಶುಲ್ಟ್ಸೆ ರಾಗ ಹಾಕಿದ. 1939ರ ಆಗಸ್ಟಿನಲ್ಲಿ, ಯುದ್ಧಕ್ಕೆ ಕೆಲವೇ ವಾರಗಳಿರುವಾಗ, ಲಾಲೆ ಆಂಡರ್ಸನ್ ಎಂಬ ಕ್ಯಾಬರೆ ಗಾಯಕಿ ಅದನ್ನು ಗ್ರಾಮಫೋನ್ ಪ್ಲೇಟಿಗೆ ಹಾಡಿದಳು. ಮಾರಾಟವಾದದ್ದು 700 ಪ್ರತಿಗಳ ಆಸುಪಾಸು. ಅಲ್ಲಿಗೆ ಆ ಹಾಡಿನ ಕಥೆ ಮುಗಿಯಬೇಕಿತ್ತು.

1941ರ ಏಪ್ರಿಲಿನಲ್ಲಿ ಜರ್ಮನ್ ಸೇನೆ ಬೆಲ್‌ಗ್ರೇಡ್ ಹಿಡಿಯಿತು. ಅಲ್ಲಿನ ಬಾನುಲಿ ಕೇಂದ್ರವನ್ನು ಸೈನಿಕರ ಕೇಂದ್ರವಾಗಿ ಮಾಡಿ ಕಾರ್ಲ್-ಹೈನ್ಸ್ ರೈಂಟ್‌ಗೆನ್ ಎಂಬ ಲೆಫ್ಟಿನೆಂಟನ ಕೈಗೆ ಕೊಟ್ಟರು. ಬಿತ್ತರಿಸಲು ಪ್ಲೇಟುಗಳೇ ಇರಲಿಲ್ಲ. ವಿಯೆನ್ನಾದ ಕೇಂದ್ರದಿಂದ, ಅಲ್ಲಿ ಯಾರಿಗೂ ಬೇಡವಾಗಿ ಮೂಲೆ ಸೇರಿದ್ದ ಪ್ಲೇಟುಗಳ ಪೆಟ್ಟಿಗೆಯೊಂದು ಬಂತು. ಲಿಲಿ ಅದರೊಳಗಿದ್ದಳು. ಆ ವರ್ಷದ ಆಗಸ್ಟಿನಿಂದ ರಾತ್ರಿ 9.57ಕ್ಕೆ, ದಿನದ ಪ್ರಸಾರ ಮುಗಿಸುವ ಹಾಡಾಗಿ ಅದನ್ನು ಹಾಕತೊಡಗಿದರು. ಆ ಕೇಂದ್ರದ ಅಲೆಗಳು ಮೆಡಿಟರೇನಿಯನ್ ದಾಟಿ ಉತ್ತರ ಆಫ್ರಿಕಾದ ಮರಳುಗಾಡನ್ನೂ ತಲುಪುತ್ತಿದ್ದವು. ಅಲ್ಲಿ ಎದುರುಬದುರಾಗಿ ಬೀಡುಬಿಟ್ಟಿದ್ದ ಜರ್ಮನ್ ದಂಡನಾಯಕ ರೊಮೆಲನ ಕಡೆಯವರೂ ಬ್ರಿಟಿಷ್ ಎಂಟನೆಯ ಸೇನೆಯವರೂ ಒಂದೇ ಹೊತ್ತಿಗೆ ಒಂದೇ ಕೇಂದ್ರಕ್ಕೆ ಮುಳ್ಳು ತಿರುಗಿಸುತ್ತಿದ್ದರು. ಬೇರೆ ಯಾವ ಯುದ್ಧದಲ್ಲಿ ಹೀಗಾಗಿದೆ, ಹೇಳಿ?

ಮಂದ್ರಸ್ಥಾಯಿ:
ಧನ್ಯವಾದ ಸರ್. ಹಾಗಾದರೆ ಡೀಟ್ರಿಚ್ ಎಲ್ಲಿ ಬರುತ್ತಾಳೆ?

ಹಳೇಪ್ಲೇಟು:
ತಡವಾಗಿ. ಆಕೆ ಬರ್ಲಿನ್ನಿನವಳು, 1939ರಲ್ಲಿ ಅಮೆರಿಕದ ಪೌರತ್ವ ಪಡೆದವಳು. 1944ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಜರ್ಮನ್ ಸಿಪಾಯಿಗಳ ಮನಸ್ಸು ಕದಡಲೆಂದು ಜರ್ಮನ್ ಭಾಷೆಯಲ್ಲೇ ಹಾಡುಗಳನ್ನು ಮುದ್ರಿಸಿತು, ಅದಕ್ಕೆ ಆಕೆ ಹಾಡಿದಳು. ಉತ್ತರ ಆಫ್ರಿಕಾ, ಇಟಲಿ ಎಂದು ಅಮೆರಿಕದ ಪಡೆಗಳ ಹಿಂದೆ ಅಲೆದು ಬೇರೆ ಹಾಡಿದಳು. ಕೇಳಿದ ಮಟ್ಟಿಗೆ ಹೇಳುವುದಾದರೆ, ಡೀಟ್ರಿಚಳದು ನಟನೆ, ಆಂಡರ್ಸನ್‌ಳದು ಹಾಡು. ಬೈಯುವವರು ಬೈಯಬಹುದು.

ಶ್ರುತಿಪೆಟ್ಟಿಗೆ:
ಬೈಯುತ್ತೇನೆ. ಡೀಟ್ರಿಚಳ ಆ ದಣಿದ ಧ್ವನಿ ಇಲ್ಲದಿದ್ದರೆ ಯುದ್ಧದ ನಂತರದ ತಲೆಮಾರಿಗೆ ಈ ಹಾಡು ತಲುಪುತ್ತಲೇ ಇರಲಿಲ್ಲ. ಆಂಡರ್ಸನ್‌ಳ ಮುದ್ರಣದಲ್ಲಿ ಹಿಂದೆ ಗಂಡಸರ ಕೋರಸ್ ಕವಾಯತಿನ ಹೆಜ್ಜೆ ಹಾಕುತ್ತದೆ, ಅದೇ ನನಗೆ ಅಡ್ಡಿ. ಆದರೆ ಆರಂಭದಲ್ಲಿ ಬರುವ ಕಹಳೆಯನ್ನು ಮೆಚ್ಚಲೇಬೇಕು. ಸಿಪಾಯಿಗಳೆಲ್ಲ ವಸತಿಗೆ ಮರಳಬೇಕೆಂದು ರಾತ್ರಿ ಊದುವ ಕಹಳೆ ಅದು. ಹಾಡು ಬರುತ್ತಿದ್ದದ್ದೂ ರಾತ್ರಿ ಹತ್ತಕ್ಕೆ ಮೂರು ನಿಮಿಷವಿರುವಾಗ. ಕೇಳುವವನು ನಿಜವಾಗಿಯೂ ಆ ಹೊತ್ತಿನಲ್ಲೇ ಇರುತ್ತಿದ್ದ, ಅರ್ಧ ಪರಿಣಾಮ ಅಲ್ಲೇ ಆಗಿಹೋಗಿತ್ತು.

ತುಂಗಾತೀರ:
ಸಾಹಿತ್ಯದಲ್ಲಿ ಇರುವುದಾದರೂ ಏನು? ಜರ್ಮನ್ ಬಾರದ ನಮ್ಮಂಥವರಿಗೆ ಯಾರಾದರೂ ಹೇಳಿ.

ಎಲ್ಬೆ ದಂಡೆಯ ಕನ್ನಡತಿ:
ನಾನು ಹೇಳುತ್ತೇನೆ, ಹ್ಯಾಂಬರ್ಗಿನಲ್ಲಿ ಇರುವವಳು. ದಂಡಿನ ವಸತಿಯ ದೊಡ್ಡ ಬಾಗಿಲು, ಅದರ ಮುಂದೊಂದು ದೀಪದ ಕಂಬ. ಅಲ್ಲಿ ಅವನೂ ಅವಳೂ ನಿಲ್ಲುತ್ತಾರೆ, ಇಬ್ಬರ ನೆರಳು ಒಂದಾಗುತ್ತದೆ. ಕಹಳೆ ಊದಿದರು, ತಡವಾದರೆ ಶಿಕ್ಷೆ ಎಂದು ಕಾವಲುಗಾರ ಕೂಗುತ್ತಾನೆ. ಅವನು ಹೊರಡುತ್ತಾನೆ. ನನಗೇನಾದರೂ ಆದರೆ ಆ ದೀಪದ ಕೆಳಗೆ ನಿನ್ನ ಜೊತೆ ಯಾರು ನಿಲ್ಲುತ್ತಾರೆ ಎಂಬ ಸಂಶಯ. ಕೊನೆಯ ಚರಣದಲ್ಲಿ ಮಾತಾಡುತ್ತಿರುವವನು ಬದುಕಿದ್ದಾನೆಯೇ ಎಂಬುದೇ ಸ್ಪಷ್ಟವಿಲ್ಲ. ಮಣ್ಣಿನೊಳಗಿನಿಂದ ಎದ್ದು ಬಂದು ಮತ್ತೆ ಆ ಕಂಬದ ಬಳಿ ನಿಲ್ಲುತ್ತೇನೆ ಎನ್ನುತ್ತಾನೆ. ಇಡೀ ಹಾಡಿನಲ್ಲಿ ಶತ್ರುವಿನ ಸುದ್ದಿಯಿಲ್ಲ, ದೇಶದ ಹೆಸರಿಲ್ಲ, ಗೆಲುವಿನ ಮಾತಿಲ್ಲ. ಹಾಗಾಗಿಯೇ ಯಾವ ಕಡೆಯವನಿಗೂ ಒಂದು ಪದ ಬದಲಿಸದೆ ಒಗ್ಗಿತು.

ಅಂದ ಹಾಗೆ ಬರ್ಲಿನ್ನಿನ ಶೌಸ್ಸೆ ರಸ್ತೆಯಲ್ಲಿದ್ದ ಆ ದಂಡಿನ ವಸತಿ ಈಗಿಲ್ಲ. ಆ ಜಾಗದಲ್ಲಿ ಈಗ ನಿಂತಿರುವುದು ಜರ್ಮನಿಯ ವಿದೇಶಿ ಗೂಢಚಾರ ಸಂಸ್ಥೆಯ ಭಾರಿ ಕಟ್ಟಡ. ಅದರ ಮುಂದೆ ಹೆಚ್ಚು ಹೊತ್ತು ನಿಂತರೆ ಈಗಲೂ ಕಾವಲುಗಾರ ಬಂದು ಕೇಳುತ್ತಾನೆ.

ಶಾಸನಪ್ರಿಯೆ:
ಸತ್ತವನು ದೀಪದ ಕಂಬಕ್ಕೆ ಮರಳುತ್ತಾನೆ ಎಂಬುದು ಕುತೂಹಲಕರ. ನಮ್ಮ ವೀರಗಲ್ಲುಗಳನ್ನು ನೋಡಿ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಕೂರುವುದು. ಮನೆಯ ಕಡೆ ತಿರುಗಿ ನೋಡುವ ಒಂದೇ ಒಂದು ವೀರನನ್ನು ನಾನು ಕಂಡಿಲ್ಲ. ಹೆಂಡತಿ ಕಲ್ಲಿನಲ್ಲಿ ಬರುವುದಾದರೆ ಅದು ಮಾಸ್ತಿಯಾಗಿ, ಅಂದರೆ ಸಹಗಮನ ಮಾಡಿದವಳಾಗಿ ಮಾತ್ರ.

ತುಂಗಾತೀರ:
ಅಪ್ಸರೆಯರು ಸಿಕ್ಕ ಮೇಲೆ ಮನೆ ಯಾಕೆ ನೆನಪಾಗುತ್ತದೆ ಮೇಡಂ.

ನೇರಮಾತು:
ಇಲ್ಲಿ ಎಲ್ಲರೂ ಕಣ್ಣೀರು ಒರೆಸಿಕೊಳ್ಳುತ್ತಿದ್ದೀರಿ. ಎರಡು ವಿಷಯ ನೆನಪಿಸುತ್ತೇನೆ.

ಒಂದು, ಶುಲ್ಟ್ಸೆ ಅಮಾಯಕನಲ್ಲ. ಇಂಗ್ಲೆಂಡಿನ ಮೇಲೆ ಬಾಂಬು ಹಾಕುವ ಉತ್ಸಾಹದ ಹಾಡಿಗೂ ರಾಗ ಹಾಕಿದವನು ಅವನೇ. ಸರ್ಕಾರ ಕೇಳಿದಾಗಲೆಲ್ಲ ರಾಗ ಕೊಟ್ಟವನು.

ಎರಡು, ‘ಬೆಲ್‌ಗ್ರೇಡ್ ಬಾನುಲಿ’ ಎಂದು ಎಷ್ಟು ಮುದ್ದಾಗಿ ಹೇಳುತ್ತೀರಿ! 1941ರ ಏಪ್ರಿಲ್ 6ರಂದು ಜರ್ಮನ್ ವಿಮಾನಗಳು ಆ ಊರಿನ ಮೇಲೆ ಬಾಂಬು ಸುರಿದು ಸಾವಿರಾರು ಜನರನ್ನು ಕೊಂದವು. 1942ರ ವಸಂತದಲ್ಲಿ ಸಾವಾ ನದಿಯ ಆಚೆ ದಂಡೆಯ ಸೈಮಿಷ್ಟೆ ಶಿಬಿರದಿಂದ ಯಹೂದಿ ಹೆಂಗಸರನ್ನೂ ಮಕ್ಕಳನ್ನೂ ವಿಷಾನಿಲದ ವ್ಯಾನಿಗೆ ಹತ್ತಿಸಿ ಕೊಂದರು. ಆ ವಾರಗಳಲ್ಲೂ ರಾತ್ರಿ 9.57ಕ್ಕೆ ಅದೇ ಊರಿನಿಂದ ಲಿಲಿ ಹಾಡುತ್ತಿದ್ದಳು. ಹಾಡಿನಲ್ಲಿ ಶತ್ರುವಿಲ್ಲ ಎನ್ನುತ್ತೀರಲ್ಲ, ಕೇಳುವವನ ಕೈಯಲ್ಲಿ ಬಂದೂಕು ಇತ್ತು. ಮೇಳದಲ್ಲಿ ಬಾಯಿ ತೆರೆಯುವುದಿಲ್ಲ ಎಂದವರಿಗೆ ನನ್ನ ನಮಸ್ಕಾರ ತಿಳಿಸಿ.

ಹಳೇಪ್ಲೇಟು:
ನೀವು ಹೇಳಿದ ಎರಡೂ ನಿಜ. ಆದರೆ ಇನ್ನೊಂದು ಬದಿಯೂ ಇದೆ. ಹಿಟ್ಲರನ ಪ್ರಚಾರಮಂತ್ರಿ ಗೋಬೆಲ್ಸ್‌ಗೆ ಈ ಹಾಡು ಕಂಡರಾಗುತ್ತಿರಲಿಲ್ಲ. ಅವನಿಗೆ ಬೇಕಿದ್ದದ್ದು ಕದನೋತ್ಸಾಹ. ಇದರಲ್ಲಿ ಇದ್ದದ್ದು ಮನೆಯ ಹಂಬಲ, ಸಾವಿನ ಮುನ್ಸೂಚನೆ. ಕೇಂದ್ರದವರು ಕೆಲ ಕಾಲ ಹಾಡನ್ನು ನಿಲ್ಲಿಸಿದಾಗ ರಣರಂಗದಿಂದ ಪತ್ರಗಳು ರಾಶಿ ಬಿದ್ದವು, ಮತ್ತೆ ಹಾಕಲೇಬೇಕಾಯಿತು.

ಆಂಡರ್ಸನ್‌ಳ ಪಾಡು ಇನ್ನೂ ವಿಚಿತ್ರ. ಜ್ಯೂರಿಕ್‌ನಲ್ಲಿದ್ದ ಯಹೂದಿ ಗೆಳೆಯರೊಂದಿಗೆ ಆಕೆಗೆ ಪತ್ರವ್ಯವಹಾರವಿತ್ತು. 1942ರಲ್ಲಿ ಅದು ಸಿಕ್ಕಿಬಿದ್ದು ಆಕೆ ವೇದಿಕೆ ಹತ್ತದಂತೆ ನಿಷೇಧ ಬಂತು, ಆಕೆ ಆತ್ಮಹತ್ಯೆಗೂ ಯತ್ನಿಸಿದಳು. ಅಷ್ಟರಲ್ಲಿ ಬಿಬಿಸಿ ಆಕೆಯನ್ನು ಯಾತನಾ ಶಿಬಿರಕ್ಕೆ ಹಾಕಿದ್ದಾರೆ ಎಂದು ಸುದ್ದಿ ಬಿತ್ತರಿಸಿತು. ಅದು ಸುಳ್ಳೆಂದು ತೋರಿಸುವ ಸಲುವಾಗಿಯಾದರೂ 1943ರಲ್ಲಿ ಆಕೆಗೆ ಮತ್ತೆ ಹಾಡಲು ಬಿಡಬೇಕಾಯಿತು. ಷರತ್ತು ಒಂದೇ: ಲಿಲಿಯನ್ನು ಮಾತ್ರ ಹಾಡಕೂಡದು.

ನೇರಮಾತು:
ಗೋಬೆಲ್ಸ್‌ಗೆ ಇಷ್ಟವಿರಲಿಲ್ಲ ಎಂಬುದು ಪ್ರಮಾಣಪತ್ರವಲ್ಲ. ಅವನಿಗೆ ಇಷ್ಟವಿಲ್ಲದ ಎಷ್ಟೋ ಸಂಗತಿಗಳು ಆ ಸೇನೆಗೆ ಉಪಯೋಗಕ್ಕೆ ಬಂದವು. ಮನೆಯ ನೆನಪಲ್ಲಿ ಅತ್ತು ಹಗುರಾದ ಸಿಪಾಯಿ ಮರುದಿನ ಬೆಳಿಗ್ಗೆ ಇನ್ನಷ್ಟು ಚೆನ್ನಾಗಿ ಗುಂಡು ಹಾರಿಸುತ್ತಾನೆ. ಆ ಮಟ್ಟಿಗೆ ಇದು ಒಳ್ಳೆಯ ಪ್ರಚಾರಗೀತೆಯೇ.

ಶ್ರುತಿಪೆಟ್ಟಿಗೆ:
ಲಂಡನ್ನಿನ ಅಧಿಕಾರಿಗಳು ಇದಕ್ಕೆ ನೇರ ವಿರುದ್ಧ ನಂಬಿದ್ದರು. ಇಂಗ್ಲಿಷ್ ಗಾಯಕಿ ವೀರಾ ಲಿನ್‌ಳ ‘ವೀ ವಿಲ್ ಮೀಟ್ ಅಗೇನ್’ ಗೊತ್ತಲ್ಲ, ರಾಸ್ ಪಾರ್ಕರ್ ಮತ್ತು ಹ್ಯೂಯಿ ಚಾರ್ಲ್ಸ್ 1939ರಲ್ಲಿ ಬರೆದದ್ದು. 1941ರ ನವೆಂಬರಿನಿಂದ ಬಿಬಿಸಿಯಲ್ಲಿ ಆಕೆಯದೇ ಒಂದು ಕಾರ್ಯಕ್ರಮ ಬರುತ್ತಿತ್ತು, ಸಿಪಾಯಿಗಳಿಗೆ ಬರೆದ ಪತ್ರದ ಧಾಟಿಯಲ್ಲಿ. ಜನ ಮುಗಿಬಿದ್ದು ಕೇಳಿದರು. ಬಿಬಿಸಿಯ ಮೇಲಿನವರು ಮಾತ್ರ ಮೂಗು ಮುರಿದರು: ಇಂಥ ಅಳುಬುರುಕ ಹಾಡು ಕೇಳಿ ನಮ್ಮ ಗಂಡಸರು ಮೆತ್ತಗಾಗುತ್ತಾರೆ ಎಂದು. 1942ರಲ್ಲಿ ಅತಿಭಾವುಕ ಹಾಡುಗಳನ್ನು ಸೋಸಿ ತೆಗೆಯಲು ಸಮಿತಿಯನ್ನೇ ಮಾಡಿದರು. ಬರ್ಲಿನ್ನಿನಲ್ಲೂ ಲಂಡನ್ನಿನಲ್ಲೂ ಕಡತ ಹಿಡಿದು ಕೂತವರಿಗೆ ಒಂದೇ ಭಯ. ರಣರಂಗದಲ್ಲಿ ಇದ್ದವರಿಗೆ ಆ ಭಯ ಇರಲಿಲ್ಲ, ನೋಡಿ.

ಕಾಫಿತೋಟದವ:
ವೀರಾ ಲಿನ್ ಹೆಸರು ಬಂತಲ್ಲ, ನಾನೂ ಒಂದು ಮಾತು ಸೇರಿಸುತ್ತೇನೆ. ಆಕೆ 1944ರಲ್ಲಿ ಬರ್ಮಾ ರಣರಂಗಕ್ಕೆ ಬಂದಿದ್ದಳು. ಚಿತ್ತಗಾಂಗ್, ಕಾಕ್ಸ್ ಬಜಾರ್ ಕಡೆಯೆಲ್ಲ ಓಡಾಡಿ, ಸೆಖೆಯಲ್ಲಿ ಶ್ರುತಿ ಕೆಟ್ಟ ಪಿಯಾನೋ ಇಟ್ಟುಕೊಂಡು ಹದಿನಾಲ್ಕನೆಯ ಸೇನೆಗೆ ಹಾಡಿದಳು. ‘ನಮ್ಮನ್ನು ಮರೆತಿದ್ದಾರೆ’ ಎಂದು ಆ ಸೇನೆಯವರೇ ಹೇಳಿಕೊಳ್ಳುತ್ತಿದ್ದ ಕಾಲ ಅದು. ಅದೇ ಅರಕಾನ್ ಸೀಮೆಯಲ್ಲಿ ನಮ್ಮ ಕೊಡಗಿನ ತಿಮ್ಮಯ್ಯನವರು ಬೆಟಾಲಿಯನ್ ನಡೆಸಿದ್ದು. ಕಾರ್ಯಪ್ಪನವರು 1941-42ರಲ್ಲಿ ಹತ್ತನೆಯ ಭಾರತೀಯ ಡಿವಿಷನ್ನಿನೊಂದಿಗೆ ಇರಾಕ್, ಸಿರಿಯಾ, ಇರಾನ್ ಕಡೆ ಇದ್ದವರು.

ನಮ್ಮ ಮನೆಯಲ್ಲಿ ಅಜ್ಜನ ತಮ್ಮ ಮಧ್ಯಪ್ರಾಚ್ಯದಿಂದ ಬರೆದ ಕೆಲವು ಪತ್ರಗಳಿವೆ. ಹಾಡಿನ ಮಾತು ಒಂದೂ ಇಲ್ಲ. ಕೇಳಿರುವುದು ಹಂದಿಮಾಂಸದ ಉಪ್ಪಿನಕಾಯಿ, ಹಸುವಿನ ಕರು, ಕಾಫಿಯ ದರ. ಸೆನ್ಸಾರಿನ ಕತ್ತರಿ ಅಷ್ಟನ್ನು ಬಿಟ್ಟಿದೆ.

ತುಂಗಾತೀರ:
ಉಪ್ಪಿನಕಾಯಿ ಕೇಳಿದ್ದರೆ ಅದೂ ವಿದಾಯಗೀತೆಯೇ ಬಿಡಿ.

ಜಾಲಹಳ್ಳಿ ಕ್ರಾಸ್:
ಇಷ್ಟು ದೂರ ಯಾಕೆ ಹೋಗುತ್ತೀರಿ? ಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲೇ ಇಟಲಿಯ ಸೆರೆಯಾಳುಗಳ ಶಿಬಿರಗಳಿದ್ದವು, ಜಾಲಹಳ್ಳಿಯ ಕಡೆಯಲ್ಲಿ. ಅವರು ಸಂಜೆ ಹೊತ್ತು ಗುಂಪಾಗಿ ಹಾಡುತ್ತಿದ್ದರು ಎಂದು ನಮ್ಮ ತಾತ ಹೇಳುತ್ತಿದ್ದರು. ಒಂದು ಹಾಡನ್ನು ಅವರೇ ಗುನುಗುತ್ತಿದ್ದರು. ಈಗ ಯೂಟ್ಯೂಬಿನಲ್ಲಿ ಕೇಳಿದೆ, ಲಿಲಿ ಮಾರ್ಲೇನ್ ಅದೇ!

ಹಳೇಪ್ಲೇಟು:
ಕಥೆ ಚೆನ್ನಾಗಿದೆ, ಆದರೆ ಕಾಲ ಹೊಂದುವುದಿಲ್ಲ. ಇಲ್ಲಿಗೆ ಬಂದ ಇಟಲಿಯವರಲ್ಲಿ ಬಹಳ ಮಂದಿ 1940ರ ಡಿಸೆಂಬರಿನಿಂದ 1941ರ ಫೆಬ್ರುವರಿಯೊಳಗೆ ಸೆರೆಸಿಕ್ಕವರು. ಉತ್ತರ ಆಫ್ರಿಕಾದಲ್ಲಿ ಸಿದಿ ಬರ್ರಾನಿಯಿಂದ ಬೆದಾ ಫೊಮ್ ತನಕ ನಡೆದ ಆ ಒಂದೇ ಕಾರ್ಯಾಚರಣೆಯಲ್ಲಿ ಸುಮಾರು 1,30,000 ಜನ ಶರಣಾದರು. ಬೆಲ್‌ಗ್ರೇಡ್ ಈ ಹಾಡನ್ನು ಬಿತ್ತರಿಸಿದ್ದು ಆರು ತಿಂಗಳ ನಂತರ. ಸೆರೆಯಾಗುವ ಮುನ್ನ ಅವರು ಅದನ್ನು ಕೇಳಿರಲು ಸಾಧ್ಯವೇ ಇಲ್ಲ.

ಜಾಲಹಳ್ಳಿ ಕ್ರಾಸ್:
ಶಿಬಿರಕ್ಕೆ ಬೀಗ ಹಾಕಿದರೆ ಹಾಡು ಒಳಗೆ ಬರುವುದಿಲ್ಲವೇ? ಆಮೇಲೆ ಬಂದ ಸೆರೆಯಾಳುಗಳು, ಕಾವಲಿನ ಬ್ರಿಟಿಷರು, ಪೇಟೆಯ ರೇಡಿಯೊಗಳು, ಎಷ್ಟು ದಾರಿಗಳಿವೆ! ಇಟಲಿಯ ಭಾಷೆಯಲ್ಲೂ ಹಾಡು ಬಂದಿತ್ತು ತಾನೇ?

ಹಳೇಪ್ಲೇಟು:
ಬಂದಿತ್ತು, ಲೀನಾ ತೆರ್ಮಿನಿ ಹಾಡಿದ್ದು. ಫ್ರೆಂಚಿನಲ್ಲಿ ಸೂಜಿ ಸೊಲಿದೊರ್. ಆದರೂ ತಾತ ಗುನುಗಿದ್ದು ಇದೇ ಎನ್ನಲು ನಿಮ್ಮ ಕಿವಿಯೊಂದೇ ಸಾಕ್ಷಿ.

ಜಾಲಹಳ್ಳಿ ಕ್ರಾಸ್:
ನಮ್ಮ ತಾತನ ಶ್ರುತಿಜ್ಞಾನ ನಿಮಗೆ ಗೊತ್ತಿಲ್ಲ.

ದಂಡುಪ್ರದೇಶ:
ನಾನು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸಿನಿಂದ ನಿವೃತ್ತನಾದವನು. ಹಲಸೂರು ಕೆರೆಯ ಪಕ್ಕದ ನಮ್ಮ ಕೇಂದ್ರದಿಂದ ಹೊರಟ ತುಕಡಿಗಳು ನಾಲ್ಕನೆಯ ಭಾರತೀಯ ಡಿವಿಷನ್ನಿನ ಜೊತೆ ಮರಳುಗಾಡಿನಲ್ಲೂ ಇಟಲಿಯಲ್ಲೂ ಇದ್ದವು. 1944ರ ಫೆಬ್ರುವರಿ 24ರಂದು ಇಟಲಿಯ ಮಿನ್ಯಾನೊದಲ್ಲಿ ನಮ್ಮ ಸುಬೇದಾರ್ ಸುಬ್ರಮಣಿಯನ್ ಜೊತೆಯವರನ್ನು ಉಳಿಸಲು ನೆಲಬಾಂಬಿನ ಮೇಲೆ ಬಿದ್ದು ಪ್ರಾಣ ಕೊಟ್ಟರು, ಜಾರ್ಜ್ ಕ್ರಾಸ್ ಶೌರ್ಯಪದಕ ಬಂತು. ‘ಎಂಟನೆಯ ಸೇನೆಯ ಹಾಡು’ ಎಂದಾಗ ಆ ಎಂಟನೆಯ ಸೇನೆಯಲ್ಲಿ ನಮ್ಮವರೂ ಇದ್ದರು ಎಂಬುದನ್ನು ಕಾರ್ಯಕ್ರಮದಲ್ಲಿ ಒಂದು ಮಾತು ಹೇಳಿ. ಬ್ರಿಟಿಷರ ಸಾಕ್ಷ್ಯಚಿತ್ರಗಳಲ್ಲಿ ಮರಳುಗಾಡು ಎಂದರೆ ಬಿಳಿಯರು ಮಾತ್ರ.

ನೇರಮಾತು:
ಇದನ್ನು ಒಪ್ಪುತ್ತೇನೆ. ಆದರೆ ನಮ್ಮ ಸಿಪಾಯಿಗಳು ಈ ಹಾಡನ್ನು ಕೇಳಿ ಕರಗಿದರು ಎಂದು ದಯವಿಟ್ಟು ಹೇಳಬೇಡಿ. ಅವರ ಮನರಂಜನೆಗೆ ಬೇರೆಯೇ ವ್ಯವಸ್ಥೆ ಇತ್ತು, ‘ಫೌಜಿ ದಿಲ್‌ಖುಷ್ ಸಭಾ’ ಎಂದು. ಜರ್ಮನ್ ದೀಪದ ಕಂಬ ಕಟ್ಟಿಕೊಂಡು ಅವರಿಗೇನಾಗಬೇಕಿತ್ತು?

ದಂಡುಪ್ರದೇಶ:
ಪಹರೆ ನಿಂತವನಿಗೆ ಯಾವ ದೇಶದ ದೀಪವಾದರೂ ಒಂದೇ ಸ್ವಾಮಿ. ನೀವು ನಿಂತಿಲ್ಲ ಎಂದು ಕಾಣುತ್ತದೆ.

ಎಲ್ಬೆ ದಂಡೆಯ ಕನ್ನಡತಿ:
ಇಬ್ಬರೂ ಸಮಾಧಾನ. ಇಂಗ್ಲಿಷ್ ಸಾಹಿತ್ಯದ ಕಥೆ ಯಾರೂ ಹೇಳಲಿಲ್ಲ. ಬ್ರಿಟಿಷ್ ಸಿಪಾಯಿಗಳು ಶತ್ರುವಿನ ಭಾಷೆಯಲ್ಲೇ ಹಾಡುತ್ತಿದ್ದಾರೆ ಎಂದು ಸಂಗೀತ ಪ್ರಕಾಶಕನೊಬ್ಬ ಗದರಿದನಂತೆ; ‘ಹಾಗಾದರೆ ನಮಗೆ ಇಂಗ್ಲಿಷಿನಲ್ಲಿ ಬರೆದುಕೊಡು’ ಎಂದು ಒಬ್ಬ ಸಿಪಾಯಿ ತಿರುಗಿಬಿದ್ದನಂತೆ. ಮಾತು ನಡೆದದ್ದೋ ಕಟ್ಟಿದ್ದೋ, 1944ರಲ್ಲಿ ಟಾಮಿ ಕಾನರ್ ಇಂಗ್ಲಿಷಿನಲ್ಲಿ ಬರೆದದ್ದು ಮಾತ್ರ ನಿಜ, ಆ್ಯನ್ ಶೆಲ್ಟನ್ ಹಾಡಿದಳು. ಅದರಲ್ಲಿ ಹುಡುಗಿಯನ್ನು ಒಂದಿಷ್ಟು ಸಭ್ಯಳನ್ನಾಗಿ ಮಾಡಿ, ಮಣ್ಣಿನಿಂದ ಏಳುವ ಚರಣವನ್ನು ಕೈಬಿಟ್ಟಿದ್ದಾರೆ. ನನಗಂತೂ ಸಪ್ಪೆ.

ಅದಕ್ಕಿಂತ ಮೊದಲೇ, 1943ರಲ್ಲಿ, ಜರ್ಮನಿಯಿಂದ ಓಡಿಬಂದಿದ್ದ ನಟಿ ಲೂಸಿ ಮಾನ್‌ಹೈಮ್ ಬಿಬಿಸಿಯಲ್ಲಿ ಇದೇ ಧಾಟಿಗೆ ಹಿಟ್ಲರನನ್ನು ಬೈಯುವ ಸಾಹಿತ್ಯ ಹಾಕಿ ಜರ್ಮನಿಗೆ ಹಾಡಿದ್ದಳು. ಅವಳ ಹಾಡಿನಲ್ಲಿ ಲಿಲಿ ರಣರಂಗದಲ್ಲಿರುವ ಗೆಳೆಯನಿಗೆ ಪತ್ರ ಬರೆಯುತ್ತಾಳೆ. ಮಂದ್ರಸ್ಥಾಯಿ ಅವರೇ, ನಿಮ್ಮ ಬಾಯಿ ತೆರೆಯದ ಗೆಳೆಯರಿಗೆ ಅದನ್ನು ಕೇಳಿಸಿ. ಅದೇ ರಾಗ ಎರಡೂ ಕಡೆಗೆ ದುಡಿದಿದೆ.

ಕಾಫಿತೋಟದವ:
ಇಟಲಿಯಲ್ಲಿದ್ದ ಬ್ರಿಟಿಷ್ ಸಿಪಾಯಿಗಳ ವ್ಯಂಗ್ಯಗೀತೆಯೂ ಇದೇ ರಾಗಕ್ಕೆ. ನಾರ್ಮಂಡಿಗೆ ಹೋಗದೆ ಇಟಲಿಯಲ್ಲಿ ಆರಾಮವಾಗಿದ್ದಾರೆ ಎಂದು ಬ್ರಿಟಿಷ್ ಸಂಸದೆ ಲೇಡಿ ಆಸ್ಟರ್ ಅಂದಳು ಎಂಬ ಸುದ್ದಿ ಹಬ್ಬಿತು. ಆಕೆ ನಾನು ಹಾಗೆ ಅನ್ನಲೇ ಇಲ್ಲ ಎಂದಳು, ಯಾರು ಕೇಳುತ್ತಾರೆ? ‘ಹೌದಮ್ಮ, ನಾವು ಇಲ್ಲಿ ಮಜಾ ಮಾಡುತ್ತಿದ್ದೇವೆ’ ಎಂದು ಶುರುವಾಗಿ ಕೊನೆಗೆ ಬೆಟ್ಟದ ಮೇಲಿನ ಶಿಲುಬೆಗಳನ್ನು ತೋರಿಸುತ್ತದೆ. ಕಾರ್ಯಕ್ರಮಕ್ಕೆ ಅದನ್ನೂ ಸೇರಿಸಿ.

ಶ್ರುತಿಪೆಟ್ಟಿಗೆ:
ಒಳ್ಳೆಯ ಸಲಹೆ. ಲಿಲಿಯ ಹಿಂದೆಯೇ ಅದು ಬರಲಿ, ರಾಗ ಒಂದೇ ಆದ್ದರಿಂದ ಸಭೆ ತಾನಾಗಿ ಗುರುತಿಸುತ್ತದೆ.

ಎಲ್ಬೆ ದಂಡೆಯ ಕನ್ನಡತಿ:
ಇನ್ನೊಂದು, ತಮಾಷೆಗೆ. ಲಾಲೆ ಆಂಡರ್ಸನ್ 1961ರ ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ಜರ್ಮನಿಯ ಪರವಾಗಿ ಹಾಡಿದಳು, ವಯಸ್ಸು 56ರ ಹೊಸ್ತಿಲಲ್ಲಿ. ಆ ಹಾಡಿನ ಪಲ್ಲವಿಯೇ ‘ಒಂದು ದಿನ ಮತ್ತೆ ಕಾಣುತ್ತೇವೆ’ ಎಂಬರ್ಥದ್ದು! ಬಂದದ್ದು ಹದಿಮೂರನೆಯ ಸ್ಥಾನ. 1972ರಲ್ಲಿ ತೀರಿಕೊಂಡಳು. ಉತ್ತರ ಸಮುದ್ರದ ಲಾಂಗಿಯೋಗ್ ದ್ವೀಪದಲ್ಲಿ ಆಕೆಯ ಸಮಾಧಿ ಇದೆ, ದೀಪದ ಕಂಬಕ್ಕೆ ಒರಗಿ ನಿಂತ ಪ್ರತಿಮೆಯೂ ಇದೆ. ಪ್ರವಾಸಿಗಳು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಮಂದ್ರಸ್ಥಾಯಿ:
ಎಲ್ಲರಿಗೂ ವಂದನೆ. ಈ ಚರ್ಚೆಯನ್ನು ಮೇಳದ ವಾಟ್ಸಾಪ್ ಗುಂಪಿಗೆ ಹಾಕಿದೆ. ಬಾಯಿ ತೆರೆಯುವುದಿಲ್ಲ ಎಂದವರು ಒಂದು ಷರತ್ತು ಇಟ್ಟಿದ್ದಾರೆ: ಹಾಡಿಗೆ ಮೊದಲು ಬೆಲ್‌ಗ್ರೇಡಿನ ಬಾಂಬು ದಾಳಿಯನ್ನೂ ಸೈಮಿಷ್ಟೆಯನ್ನೂ ಹೆಸರಿಸಿ ಹೇಳಬೇಕು, ಹೇಳುವವರು ಅವರೇ. ದಂಡುಪ್ರದೇಶದವರ ಸುಬೇದಾರ್ ಸುಬ್ರಮಣಿಯನ್ ಕಥೆಯೂ ಸೇರುತ್ತದೆ. ಈಗ ಹೊಸ ಜಗಳ: ಮಾತು ಜಾಸ್ತಿಯಾಯಿತು, ಹಾಡಿಗೆ ಸಮಯವೆಲ್ಲಿ ಎಂದು.

ನೇರಮಾತು:
ಹಾಗಾದರೆ ನಾನೂ ಬರುತ್ತೇನೆ. ಮುಂದಿನ ಸಾಲಿನಲ್ಲೇ ಕೂರುತ್ತೇನೆ.

ವಕೀಲರ ಗುಮಾಸ್ತ:
ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆ ಇರಲಿ. ಹಾಡು ಯಾರದು ಎಂಬ ಪ್ರಶ್ನೆಗೆ ಕಾನೂನಿನ ಉತ್ತರವೂ ಒಂದಿದೆ. ಲೈಪ್ ತೀರಿಕೊಂಡದ್ದು 1983ರಲ್ಲಿ, ಶುಲ್ಟ್ಸೆ 2002ರಲ್ಲಿ. ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ಕರ್ತೃವಿನ ಮರಣಾನಂತರ 60 ವರ್ಷ. ಅಂದರೆ ಸಾಹಿತ್ಯಕ್ಕೆ 2043ರ ಕೊನೆಯ ತನಕ, ರಾಗಕ್ಕೆ 2062ರ ಕೊನೆಯ ತನಕ ವಾರಸುದಾರರ ಹಕ್ಕು ಇರುತ್ತದೆ. ಇದು ಜನಪದ ಗೀತೆಯಲ್ಲ. ಕಾರ್ಯಕ್ರಮಕ್ಕೆ ಟಿಕೆಟ್ ಇಟ್ಟಿದ್ದೀರಾ?

ಮಂದ್ರಸ್ಥಾಯಿ:
ಇಲ್ಲ, ಉಚಿತ ಪ್ರವೇಶ.

ವಕೀಲರ ಗುಮಾಸ್ತ:
ಹವ್ಯಾಸಿ ಸಂಘ ಹಣ ಪಡೆಯದೆ ಸಭಿಕರ ಮುಂದೆ ಹಾಡಿದರೆ ಕಾನೂನಿನಲ್ಲಿ ವಿನಾಯಿತಿ ಇದೆ, ಕಲಂ 52. ಆದರೆ ಮುದ್ರಿಸಿ ಯೂಟ್ಯೂಬಿಗೆ ಹಾಕುವುದು ಬೇರೆ ಮಾತು.

ಮಂದ್ರಸ್ಥಾಯಿ:
ಬಾಗಿಲ ಬಳಿ ಒಂದು ಹುಂಡಿ ಇಡುವ ಯೋಚನೆ ಇತ್ತು, ಸಭಾಂಗಣದ ಬಾಡಿಗೆಗೆ. ಅದು ನಡೆಯುತ್ತದೆಯೇ?

ವಕೀಲರ ಗುಮಾಸ್ತ:
ಹುಂಡಿಯ ಮೇಲೆ ಏನು ಬರೆದಿರುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ನಮ್ಮ ವಕೀಲರನ್ನು ಕೇಳಿ ಸೋಮವಾರ ತಿಳಿಸುತ್ತೇನೆ.

ತುಂಗಾತೀರ:
ವಕೀಲರ ಶುಲ್ಕವನ್ನೂ ಅದೇ ಹುಂಡಿಗೆ ಹಾಕಬೇಕೇ?